ಸುಮ್ಮನಿರುವ ಪಂಖಾ ಕೇಳುವ ಬೆಲೆ

ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ಭಾರತೀಯ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯಕ್ಕೆ ಎಂಜಿನ್ ಇಲ್ಲ. ಅಜಂತಾ ಗುಹೆಯ ಗೋಡೆಯಲ್ಲಿರುವ ಐದನೇ ಶತಮಾನದ ಹಡಗಿನ ಚಿತ್ರವನ್ನು ನೋಡಿ ಕಟ್ಟಿದ ಹಡಗು ಅದು. ಅದರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ಗಂಡಭೇರುಂಡವೂ ಸೂರ್ಯನೂ ಇದ್ದಾರೆ. ಗೋವಾದಲ್ಲಿ ಕೇರಳದ ಬಡಗಿಗಳ ಕೈಯಲ್ಲಿ ರೂಪುಗೊಂಡ ಈ ಹಡಗಿನ ಜಲವರ್ತನೆಯನ್ನು ಮದ್ರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ ಮಾದರಿ ಇಟ್ಟು ಪರೀಕ್ಷಿಸಿತ್ತು. 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು, ಎರಡು ವಾರ ದಾಟಿದ ಯಾನದಲ್ಲಿ ಮಸ್ಕತ್ ಮುಟ್ಟಿತು. ಹೊಲಿಗೆಯ ಬಗ್ಗೆ, ಹಾಯಿಯ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದವು. ಅದರ ಹಿಂಭಾಗದಲ್ಲಿ, ನೀರಿನ ಕೆಳಗೆ, ಏನು ಇಲ್ಲ ಎಂಬುದು ಮಾತ್ರ ಯಾರ ಗಮನಕ್ಕೂ ಅಷ್ಟಾಗಿ ಬೀಳಲಿಲ್ಲ. ಅಲ್ಲಿ ಪ್ರೊಪೆಲ್ಲರ್ ಇಲ್ಲ. ಮಲ್ಪೆ, ಮಂಗಳೂರಿನ ಮೀನುಗಾರರು ಫ್ಯಾನ್ ಎಂದು ಕರೆಯುವ, ನಮ್ಮ ಕಡೆಯವರು ಪಂಖಾ ಎನ್ನಬಹುದಾದ ಆ ಕಂಚಿನ ಚಕ್ರ ಇಲ್ಲದಿರುವುದರಿಂದ ಕೌಂಡಿನ್ಯಕ್ಕೆ ಆಗುವ ಲಾಭ ಎಷ್ಟು? ಎಂಜಿನ್ ಇರುವ ಇಂದಿನ ಹಾಯಿದೋಣಿಗಳು ಅದನ್ನು ಹೊತ್ತು ತಿರುಗುವುದರಿಂದ ಆಗುವ ನಷ್ಟ ಎಷ್ಟು?

ಕಲಬುರಗಿಯಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಈ ಪ್ರಶ್ನೆ ಇಲ್ಲಿನ ಓದುಗರಿಗೆ ಪರಕೀಯ ಆಗಬೇಕಿಲ್ಲ. ಯಾಕೆಂದರೆ ಇದು ಸಮುದ್ರಕ್ಕಿಂತ ಹೆಚ್ಚಾಗಿ ಲೆಕ್ಕಾಚಾರಕ್ಕೆ ಸೇರಿದ್ದು. ಯಾವುದೇ ಯಂತ್ರ ಕೊಳ್ಳುವಾಗ ಅದು ಎಷ್ಟು ಕೆಲಸ ಮಾಡುತ್ತದೆ ಎಂದು ಕೇಳುತ್ತೇವೆ. ಕೆಲಸ ಮಾಡದ ಹೊತ್ತಿನಲ್ಲಿ ಅದು ಎಷ್ಟು ತಿನ್ನುತ್ತದೆ ಎಂದು ಕೇಳುವವರು ಕಡಿಮೆ. ಹಾಯಿದೋಣಿಯ ಎಂಜಿನ್ ಬಂದರಿನಿಂದ ಹೊರಬರಲು, ಮತ್ತೆ ಒಳಗೆ ಹೋಗಲು, ಗಾಳಿ ಪೂರ್ತಿ ಬಿದ್ದಾಗ ತುಸು ದೂರ ಸಾಗಲು ಬೇಕು. ಉಳಿದ ಹೊತ್ತೆಲ್ಲ ದೋಣಿಯನ್ನು ಒಯ್ಯುವುದು ಗಾಳಿ. ಆಗ ಎಂಜಿನ್ ದೋಣಿಯ ಹೊಟ್ಟೆಯಲ್ಲಿ ಸುಮ್ಮನೆ ಕುಳಿತಿರುತ್ತದೆ, ಅದರ ತೂಕವನ್ನಷ್ಟೇ ಹೊರಬೇಕು. ಪ್ರೊಪೆಲ್ಲರ್ ಮಾತ್ರ ಹಾಗಲ್ಲ. ಅದು ನೀರಿನಲ್ಲಿ ಮುಳುಗಿದೆ. ದೋಣಿ ಮುಂದೆ ಹೋಗುವ ಪ್ರತಿ ಕ್ಷಣವೂ ಅಡ್ಡ ನಿಂತು ಹಿಂದಕ್ಕೆ ಎಳೆಯುತ್ತದೆ. ಹೀಗಿರುವಾಗ ದೂರ ಸಾಗುವ ಹಾಯಿದೋಣಿಗೆ ಪ್ರೊಪೆಲ್ಲರ್ ಆರಿಸುವವರು ಮೊದಲು ನೋಡಬೇಕಾದದ್ದು ಅದು ಸುಮ್ಮನಿರುವ ಗಂಟೆಗಳನ್ನು. ಅದು ದುಡಿಯುವ ಗಂಟೆಗಳ ವಿಚಾರ ಆಮೇಲೆ. ನನ್ನ ವಾದ ಇಷ್ಟೇ. ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಹತ್ತು ಮೀಟರ್ ಆಸುಪಾಸಿನ ಹಾಯಿದೋಣಿಗೆ ಸುಮಾರು 40 ಸೆಂಟಿಮೀಟರ್ ಅಡ್ಡಳತೆಯ ಮೂರು ರೆಕ್ಕೆಯ ಪ್ರೊಪೆಲ್ಲರ್ ಹಾಕಿದ್ದಾರೆ ಎಂದುಕೊಳ್ಳಿ. ಅದು ತಿರುಗುವಾಗ ಬರೆಯುವ ವೃತ್ತದ ವಿಸ್ತೀರ್ಣ ಒಂದು ಚದರ ಮೀಟರಿನ ಎಂಟನೇ ಒಂದು ಪಾಲು. ಅದರಲ್ಲಿ ಅರ್ಧದಷ್ಟನ್ನು ರೆಕ್ಕೆಗಳ ಲೋಹ ತುಂಬಿದೆ ಎಂದು ಹಿಡಿಯೋಣ. ದೋಣಿ 5 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರಿನಂತೆ, ಹಾಯಿಯಲ್ಲಿ ಸಾಗುತ್ತಿದೆ. ಘನ ಮೀಟರಿಗೆ 1025 ಕಿಲೋ ತೂಗುವ ಸಮುದ್ರದ ನೀರು ಆ ವೇಗದಲ್ಲಿ ಬಂದು ತಿರುಗದೆ ನಿಂತ ರೆಕ್ಕೆಗಳಿಗೆ ಬಡಿದರೆ, ಒರಟು ಲೆಕ್ಕದಲ್ಲಿ 20 ಕಿಲೋಗಿಂತ ಹೆಚ್ಚಿನ ಬಲ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ 6 ನಾಟ್ ಆದರೆ ಅದು 30 ಕಿಲೋ ಮುಟ್ಟುತ್ತದೆ. 3 ನಾಟಿಗೆ ಇಳಿದರೆ 8 ಕಿಲೋಗೆ ಇಳಿಯುತ್ತದೆ. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ರೆಕ್ಕೆಯ ಓರೆ, ಅದರ ಮುಂದಿರುವ ಮರದ ಅಥವಾ ಫೈಬರಿನ ಮರೆ, ಶಾಫ್ಟಿನ ಕೋನ ಇವೆಲ್ಲ ಈ ಅಂಕಿಗಳನ್ನು ಒಂದಿಷ್ಟು ಮೇಲೆ ಕೆಳಗೆ ಮಾಡುತ್ತವೆ. ಆದರೆ ಪ್ರಮಾಣ ಇದೇ. ಶಕ್ತಿಯ ಭಾಷೆಯಲ್ಲಿ ಹೇಳುವುದಾದರೆ 5 ನಾಟ್ ವೇಗದಲ್ಲಿ ಅರ್ಧ ಕಿಲೋವ್ಯಾಟಿಗೂ ಮೇಲೆ, ಅಂದರೆ ಸುಮಾರು ಮುಕ್ಕಾಲು ಎಚ್‌.ಪಿ.ಯಷ್ಟು ಶಕ್ತಿಯನ್ನು ಹಾಯಿಗಳು ಹಗಲು ರಾತ್ರಿ ಈ ಪಂಖಾವನ್ನು ಎಳೆಯುವುದಕ್ಕೇ ಖರ್ಚು ಮಾಡುತ್ತಿರುತ್ತವೆ. ಗಾಳಿ ಬಿಟ್ಟಿ ಸಿಗುತ್ತದೆ, ನಿಜ. ಆದರೆ ಹಾಯಿಯ ಅಗಲ ಬಿಟ್ಟಿ ಸಿಗುವುದಿಲ್ಲ.

ಇದರಿಂದ ಆಗುವ ವೇಗದ ನಷ್ಟವನ್ನು ನಾವಿಕರು ಸಾಮಾನ್ಯವಾಗಿ ಅರ್ಧ ನಾಟ್ ಎನ್ನುತ್ತಾರೆ. ಕೇಳಲು ಸಣ್ಣದು. ಇದನ್ನೇ ಭೂಪ್ರದಕ್ಷಿಣೆಗೆ ಹಚ್ಚಿ ನೋಡಿ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟ ಐಎನ್‌ಎಸ್‌ವಿ ತಾರಿಣಿ, ಆರು ಮಂದಿ ಮಹಿಳಾ ನೌಕಾಧಿಕಾರಿಗಳೊಂದಿಗೆ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿತು. ಕ್ರಮಿಸಿದ ದೂರ ಸುಮಾರು 21,600 ನಾಟಿಕಲ್ ಮೈಲಿ. ಅಷ್ಟು ದೂರವನ್ನು 5 ನಾಟ್ ವೇಗದಲ್ಲಿ ಎಡೆಬಿಡದೆ ಸಾಗಿದರೆ 180 ದಿನ ಬೇಕು. ಐದೂವರೆ ನಾಟ್ ಆದರೆ 164 ದಿನ ಸಾಕು. ನಡುವಿನ ಹದಿನಾರು ದಿನ ಅಂದರೆ ಹದಿನಾರು ದಿನದ ಕುಡಿಯುವ ನೀರು, ಹದಿನಾರು ದಿನದ ಆಹಾರ, ದಕ್ಷಿಣ ಮಹಾಸಾಗರದ ಬಿರುಗಾಳಿಗೆ ಸಿಕ್ಕಿಕೊಳ್ಳಬಹುದಾದ ಹದಿನಾರು ರಾತ್ರಿಗಳು. ತಾರಿಣಿಗೆ ಮುಂಚಿನ ಐಎನ್‌ಎಸ್‌ವಿ ಮ್ಹಾದೇಯಿ ನಮ್ಮವರಿಗೆ ಇನ್ನೂ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ಮಹದಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. 2012ರ ನವೆಂಬರಿನಲ್ಲಿ ಮುಂಬೈಯಿಂದ ಅದರಲ್ಲಿ ಒಬ್ಬರೇ ಹೊರಟ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ, ಯಾರ ನೆರವೂ ಪಡೆಯದೆ 2013ರ ವಸಂತದಲ್ಲಿ ಮುಂಬೈಗೇ ಮರಳಿದರು. ಐದು ತಿಂಗಳ ಹಾಯಿಯಾನ ಅದು. ಅಂಥ ಯಾನದಲ್ಲಿ ಪ್ರೊಪೆಲ್ಲರ್ ದುಡಿಯುವ ಗಂಟೆಗಳು ಬೆರಳೆಣಿಕೆಯಷ್ಟು, ಸುಮ್ಮನಿರುವ ಗಂಟೆಗಳು ಸಾವಿರಾರು.

ಗಾಳಿ ಮಂದವಾಗಿದ್ದಾಗ ಈ ನಷ್ಟ ಇನ್ನೂ ತೀಕ್ಷ್ಣವಾಗುತ್ತದೆ ಎಂಬುದನ್ನು ಗಮನಿಸಬೇಕು. ದೋಣಿ ತನ್ನ ಗರಿಷ್ಠ ವೇಗದ ಹತ್ತಿರ ಬಂದಾಗ ಅದರ ಶಕ್ತಿಯ ದೊಡ್ಡ ಪಾಲು ಅಲೆ ಎಬ್ಬಿಸುವುದರಲ್ಲಿ ಕಳೆಯುತ್ತದೆ. ಆ ಅಲೆಯ ಗೋಡೆ ಎಷ್ಟು ಕಡಿದಾಗಿದೆ ಎಂದರೆ ಪ್ರೊಪೆಲ್ಲರಿನ ತಡೆ ತೆಗೆದರೂ ವೇಗ ಹೆಚ್ಚೇನೂ ಏರುವುದಿಲ್ಲ. ನಿಧಾನವಾಗಿ ಸಾಗುವಾಗ ಅಲೆಯ ತಡೆ ಕಡಿಮೆ, ನೀರಿನ ಉಜ್ಜುವಿಕೆಯೇ ಮುಖ್ಯ. ಆಗ ಪ್ರೊಪೆಲ್ಲರ್ ಕಸಿಯುವ ಪಾಲು ಒಟ್ಟು ತಡೆಯಲ್ಲಿ ಎದ್ದು ಕಾಣುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನಿನಿಂದ ಆಗಸ್ಟಿನವರೆಗೆ ಸಮುದ್ರ ಸಣ್ಣ ಹಾಯಿದೋಣಿಗೆ ದಾರಿ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ಹಾಯಿ ಕಟ್ಟುವ ಕಾಲ ಮಳೆಗಾಲ ಮುಗಿದ ಮೇಲಿನದು. ಆಗ ಬೀಸುವುದು ಬೆಳಿಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿಂದ ನೆಲಕ್ಕೆ ತಿರುಗುವ ಸೌಮ್ಯ ಗಾಳಿ. ಪಡುಗಾಳಿ ಆರ್ಭಟಿಸುವ ಉತ್ತರ ಯುರೋಪಿನ ಕಡಲಿಗಿಂತ ಕಾರವಾರದ ಮುಂದಿನ ಕಡಲಿನಲ್ಲಿ, ನನ್ನ ಲೆಕ್ಕದ ಪ್ರಕಾರ, ಸುಮ್ಮನಿರುವ ಪ್ರೊಪೆಲ್ಲರಿಗೆ ಕೊಡುವ ದಂಡ ಹೆಚ್ಚು. ಕೆಲಸವಿಲ್ಲದಾಗ ರೆಕ್ಕೆ ಮಡಚಿಕೊಳ್ಳುವ ಪ್ರೊಪೆಲ್ಲರ್ ಎಂದರೆ ಶ್ರೀಮಂತ ದೇಶಗಳ ರೇಸ್ ದೋಣಿಗಳ ಶೋಕಿ ಎಂದು ನಮ್ಮಲ್ಲಿ ತಳ್ಳಿಹಾಕುವುದು ಈ ಕಾರಣಕ್ಕೇ ಸರಿಯಲ್ಲ.

ಈ ತೊಂದರೆ ಹಾಯಿಗೂ ಉಗಿಗೂ ನಂಟು ಬೆಳೆದ ದಿನದಿಂದಲೇ ಇದೆ. 1860ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ವಾರಿಯರ್, ಕಬ್ಬಿಣದ ಮೈಯ, ಉಗಿ ಎಂಜಿನ್ ಇದ್ದ ಹಡಗು; ಅದಕ್ಕೆ ಹಾಯಿಗಳೂ ಇದ್ದವು. ಕಲ್ಲಿದ್ದಲು ಉಳಿಸಲು ಹಾಯಿಯಲ್ಲಿ ಸಾಗುವಾಗ ಅದರ ಎರಡು ರೆಕ್ಕೆಯ ಭಾರಿ ಪ್ರೊಪೆಲ್ಲರನ್ನು ಶಾಫ್ಟಿನಿಂದ ಬಿಡಿಸಿ, ಹಡಗಿನ ಹಿಂಭಾಗದಲ್ಲಿ ಬಾವಿಯಂತೆ ಬಿಟ್ಟ ಕಂಡಿಯೊಳಗೆ ಹಗ್ಗ ಹಾಕಿ ಮೇಲೆತ್ತುತ್ತಿದ್ದರು. ನೂರಾರು ನಾವಿಕರು ಒಟ್ಟಿಗೆ ಹಗ್ಗ ಹಿಡಿಯದೆ ಅದು ಮೇಲೆ ಬರುತ್ತಿರಲಿಲ್ಲ. ಹೊಗೆಕೊಳವೆಗಳನ್ನೂ ಗಾಳಿಗೆ ತಡೆಯಾಗದಂತೆ ಕೆಳಗಿಳಿಸುತ್ತಿದ್ದರು. ಅಷ್ಟು ಜನರ ಬೆವರನ್ನು ಖರ್ಚು ಮಾಡಿ ಒಂದು ಕಂಚಿನ ಚಕ್ರವನ್ನು ನೀರಿನಿಂದ ಮೇಲೆತ್ತುವುದು ಆ ಕಾಲದ ಅತಿ ಬಲಾಢ್ಯ ನೌಕಾಪಡೆಗೆ ಲಾಭದಾಯಕ ಎನಿಸಿತ್ತು ಎಂಬುದೇ ತಡೆಯ ತೂಕಕ್ಕೆ ಸಾಕ್ಷಿ. ನಮ್ಮ ಕರಾವಳಿಯಲ್ಲಿ ಇದು ಬೇರೆ ರೀತಿ ಬಗೆಹರಿಯಿತು. ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುತ್ತಿದ್ದ ಮಂಜಿ ಎಂಬ ಹಾಯಿಹಡಗುಗಳಿಗೆ ಎಂಜಿನ್ ಬಂದ ಮೇಲೆ ಹಾಯಿಯೇ ಮರೆಯಾಯಿತು. ಎಂಜಿನ್ ಮತ್ತು ಹಾಯಿ ಒಂದೇ ದೋಣಿಯಲ್ಲಿ ಗೌರವದಿಂದ ಕೂಡಿ ಬಾಳುವ ದಾರಿಯನ್ನು ನಾವು ಹುಡುಕುವ ಮೊದಲೇ ಒಂದು ಹೊರಬಿತ್ತು. ಆ ನಷ್ಟದ ಬಗ್ಗೆ ನನಗೆ ವಿಷಾದವಿದೆ.

ಈ ತಡೆ ಇಳಿಸುವ ದಾರಿಗಳನ್ನು ಕಡಿಮೆ ಖರ್ಚಿನ ಉಪಾಯದಿಂದ ಶುರು ಮಾಡೋಣ. ಮೂರು ರೆಕ್ಕೆಯ ಬದಲು ಎರಡು ರೆಕ್ಕೆಯ ಗಟ್ಟಿ ಪ್ರೊಪೆಲ್ಲರ್ ಹಾಕುವುದು ಹಳೆಯ ದಾರಿ. ಉದ್ದನೆಯ, ದಪ್ಪ ಕೀಲ್ (ತಳದ ಬೆನ್ನೆಲುಬು) ಇರುವ ದೋಣಿಯಲ್ಲಿ ಪ್ರೊಪೆಲ್ಲರ್ ಆ ಕೀಲಿನ ಹಿಂದೆಯೇ ಇರುತ್ತದೆ. ಒಳಗಿನ ಶಾಫ್ಟಿನ ಮೇಲೆ ಬಣ್ಣದ ಗುರುತು ಹಾಕಿಟ್ಟು, ಹಾಯಿ ಏರಿಸಿದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿ ಎರಡೂ ರೆಕ್ಕೆ ನೆಟ್ಟಗೆ ಮೇಲೆ ಕೆಳಗೆ ನಿಲ್ಲುವಂತೆ ಮಾಡಿದರೆ ಅವು ಕೀಲಿನ ಮರೆಯಲ್ಲಿ ಅಡಗುತ್ತವೆ. ಸರಳ, ಅಗ್ಗ, ಕೆಡುವಂಥದ್ದು ಏನೂ ಇಲ್ಲ. ಆದರೆ ಇಂದಿನ ದೋಣಿಗಳ ಕೀಲ್ ತೆಳುವಾದ ರೆಕ್ಕೆಯಂತೆ ನಡುವಿನಲ್ಲಿ ಇಳಿದಿರುತ್ತದೆ, ಪ್ರೊಪೆಲ್ಲರ್ ಅದರಿಂದ ದೂರ ಹಿಂದೆ ಬಯಲಿನಲ್ಲಿ ನಿಂತಿರುತ್ತದೆ. ಅಲ್ಲಿ ಮರೆ ಎಂಬುದೇ ಇಲ್ಲ. ಎರಡು ರೆಕ್ಕೆ ಎಂದರೆ ಎಂಜಿನ್ ಓಡುವಾಗ ನಡುಕವೂ ಹೆಚ್ಚು, ಎದುರಲೆಯಲ್ಲಿ ತಳ್ಳುವ ಬಲವೂ ಕಡಿಮೆ.

ಇನ್ನೊಂದು ಪುಕ್ಕಟೆ ಉಪಾಯವಿದೆ, ಅದರ ಸುತ್ತ ನಾವಿಕರಲ್ಲಿ ದಶಕಗಳಿಂದ ಜಗಳವೂ ಇದೆ. ಹಾಯಿಯಲ್ಲಿ ಸಾಗುವಾಗ ಗೇರ್ ಹಾಕಿ ಪ್ರೊಪೆಲ್ಲರನ್ನು ನಿಲ್ಲಿಸಬೇಕೋ, ನ್ಯೂಟ್ರಲ್‌ನಲ್ಲಿಟ್ಟು ತಿರುಗಲು ಬಿಡಬೇಕೋ? ತಿರುಗುವ ಚಕ್ರ ಇಡೀ ವೃತ್ತವನ್ನೇ ಗೋಡೆಯಂತೆ ಮುಚ್ಚಿಬಿಡುತ್ತದೆ, ಆದ್ದರಿಂದ ನಿಲ್ಲಿಸಿದರೇ ತಡೆ ಕಡಿಮೆ ಎಂದು ವಾದಿಸುವವರು ಬಹಳ. ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು: ಶಾಫ್ಟ್ ಸರಾಗವಾಗಿ ತಿರುಗುವಂತಿದ್ದರೆ, ತಿರುಗಲು ಬಿಟ್ಟ ಪ್ರೊಪೆಲ್ಲರಿನ ತಡೆ ನಿಲ್ಲಿಸಿದ್ದಕ್ಕಿಂತ ಕಡಿಮೆ, ಶಾಫ್ಟಿನ ಬಿಗಿತ ಹೆಚ್ಚಿ ಅದು ತಿಣುಕುತ್ತ ತಿರುಗಿದರೆ ಈ ಲಾಭ ಇಲ್ಲವಾಗುತ್ತದೆ. ಕಾರಣ ಸ್ಪಷ್ಟ. ನಿಂತ ರೆಕ್ಕೆಗೆ ನೀರು ಅಡ್ಡಡ್ಡ ಬಡಿದು ಹಿಂದೆ ಸುಳಿ ಸುತ್ತುತ್ತದೆ, ತಿರುಗುವ ರೆಕ್ಕೆಯ ಮೇಲೆ ಅದು ಓರೆಯಾಗಿ ಜಾರಿಹೋಗುತ್ತದೆ. ಹಾಗಾದರೆ ತಿರುಗಲು ಬಿಟ್ಟರೆ ಆಯಿತಲ್ಲ, ಹಣ ಸುರಿದು ಮಡಚುವ ಪ್ರೊಪೆಲ್ಲರ್ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ಕಮಲಾಪುರದ ಕೆಂಬಾಳೆ ತೋಟದ ರೈತರಿಗೆ ಗೊತ್ತಿರುವಂಥದ್ದೇ. ಬೋರ್‌ವೆಲ್ ಪೈಪಿನಲ್ಲಿ ನಾನ್-ರಿಟರ್ನ್ ವಾಲ್ವ್ ಕೆಟ್ಟಿದ್ದರೆ, ಕರೆಂಟ್ ಹೋದ ಕೂಡಲೇ ಮೇಲಿನ ನೀರೆಲ್ಲ ಕೆಳಗೆ ಧುಮುಕಿ ಪಂಪನ್ನು ಹಿಮ್ಮುಖ ತಿರುಗಿಸುತ್ತದೆ; ಹಾಗೆ ತಿರುಗುವಾಗಲೇ ಕರೆಂಟ್ ಬಂದು ಮೋಟರ್ ಶುರುವಾದರೆ ಶಾಫ್ಟಿಗೆ ಪೆಟ್ಟು. ದುಡಿಸಲು ಮಾಡಿದ ಯಂತ್ರವನ್ನು ನೀರೇ ದುಡಿಸತೊಡಗಿದರೆ ಅದರ ಬೇರಿಂಗು, ಸೀಲು ಸವೆಯುತ್ತವೆ. ದೋಣಿಯಲ್ಲೂ ಅಷ್ಟೇ. ಎಂಜಿನ್ ನಿಂತಾಗ ಕೆಲವು ಗೇರ್‌ಬಾಕ್ಸುಗಳಲ್ಲಿ ಎಣ್ಣೆ ಎಲ್ಲ ಭಾಗಕ್ಕೂ ತಲುಪುವುದಿಲ್ಲ, ಅದಕ್ಕೇ ಅವನ್ನು ತಿರುಗಲು ಬಿಡಬೇಡಿ ಎಂದು ತಯಾರಕರು ಬರೆದಿರುತ್ತಾರೆ. ಬಿಡಬಹುದಾದ ಗೇರ್‌ಬಾಕ್ಸಿನಲ್ಲೂ ತಡೆ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ರಾತ್ರಿಯಿಡೀ ಮಲಗುವ ಜಾಗದ ಕೆಳಗೆ ಗುಂಯ್‌ಗುಡುವ ಶಾಫ್ಟ್ ಬೇರೆ.

ಮಡಚುವ ಪ್ರೊಪೆಲ್ಲರಿನ ಒಳರಚನೆ ನೋಡಲು ಚೆಂದ. ಶಾಫ್ಟಿನ ತುದಿಯಲ್ಲಿ ಒಂದು ಕಂಚಿನ ಗುಬಟು. ಅದರೊಳಗೆ ಅಡ್ಡಕ್ಕೆ ಗಟ್ಟಿಮುಟ್ಟಾದ ಪಿನ್ನುಗಳು, ಪಿನ್ನಿಗೆ ಪೋಣಿಸಿದ ರೆಕ್ಕೆಗಳು. ರೆಕ್ಕೆಯ ಬುಡದಲ್ಲಿ ಗೇರಿನ ಹಲ್ಲುಗಳನ್ನು ಕೊರೆದಿರುತ್ತಾರೆ. ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಕೊಂಡಿರುವುದರಿಂದ ಒಂದು ತೆರೆದರೆ ಇನ್ನೊಂದೂ ಅಷ್ಟೇ ತೆರೆಯುತ್ತದೆ. ಈ ಹಲ್ಲುಗಳಿಲ್ಲದ ಹಳೆಯ ಮಾದರಿಗಳಲ್ಲಿ ಕೆಳಗಿನ ರೆಕ್ಕೆ ಭಾರಕ್ಕೆ ಜೋತುಬಿದ್ದು ಅರ್ಧ ತೆರೆದುಕೊಂಡೇ ಇರುತ್ತಿತ್ತು. ಎಂಜಿನ್ ಶಾಫ್ಟನ್ನು ತಿರುಗಿಸಿದಾಗ ತಿರುಗುವ ರಭಸಕ್ಕೆ ರೆಕ್ಕೆಗಳು ಹೊರಚಿಮ್ಮಿ ಅಗಲವಾಗುತ್ತವೆ. ಶಾಫ್ಟ್ ನಿಂತಿತೋ, ಹಿಂದೆ ಹರಿಯುವ ನೀರೇ ಅವನ್ನು ಹಿಂದಕ್ಕೆ ಒತ್ತಿ, ಒಂದಕ್ಕೊಂದು ಅಂಟಿದ ಮೊಗ್ಗಿನ ಆಕಾರಕ್ಕೆ ತರುತ್ತದೆ. ಆಗ ನೀರಿಗೆ ಅಡ್ಡ ಉಳಿಯುವುದು ಗುಬಟಿನ ಅಗಲ ಮಾತ್ರ. ಇದರ ಒಂದು ಹಟ ಎಂದರೆ, ಶಾಫ್ಟ್ ತಿರುಗುತ್ತಲೇ ಇದ್ದರೆ ಇದು ಮಡಚುವುದಿಲ್ಲ. ಹಾಯಿ ಏರಿಸಿ ಎಂಜಿನ್ ಆರಿಸಿದ ಮೇಲೆ ಒಂದು ಕ್ಷಣ ರಿವರ್ಸ್ ಗೇರ್ ಹಾಕಿ ಶಾಫ್ಟನ್ನು ಹಿಡಿದು ನಿಲ್ಲಿಸಬೇಕು. ಗಟ್ಟಿ ಪ್ರೊಪೆಲ್ಲರಿಗೆ ಒಗ್ಗಿದ ಕೈ ಇದನ್ನು ಮರೆತರೆ ದುಬಾರಿ ಬೆಲೆ ಕೊಟ್ಟು ತಂದದ್ದೂ ತಡೆಯಾಗಿಯೇ ಉಳಿಯುತ್ತದೆ.

ಇನ್ನೊಂದು ಬಗೆಯದು ಮಡಚುವುದಿಲ್ಲ, ಹೊರಳುತ್ತದೆ. ಇಟಲಿಯ ಮ್ಯಾಕ್ಸ್-ಪ್ರಾಪ್ ಇದರಲ್ಲಿ ಹೆಸರಾದದ್ದು. ಪ್ರತಿ ರೆಕ್ಕೆಯೂ ತನ್ನ ಬುಡದ ಮೇಲೆ ತಿರುಗಬಲ್ಲದು. ಗುಬಟಿನ ಒಳಗೆ, ಗ್ರೀಸಿನಲ್ಲಿ ಮುಳುಗಿದ ಶಂಕುವಿನಾಕಾರದ ಗೇರುಗಳಿವೆ. ಎಂಜಿನ್ ಮುಂದಕ್ಕೆ ತಿರುಗಿಸಿದಾಗ ನೀರಿನ ಒತ್ತಡಕ್ಕೆ ರೆಕ್ಕೆಗಳು ಮೊದಲು ಹೊರಳಿ, ನಿಗದಿ ಮಾಡಿದ ಕೋನಕ್ಕೆ ಬಂದು ತಡೆಗೆ ತಾಗಿ ನಿಲ್ಲುತ್ತವೆ, ಆಮೇಲೆ ತಳ್ಳುತ್ತವೆ. ಹಿಂದಕ್ಕೆ ತಿರುಗಿಸಿದರೆ ಪೂರ್ತಿ ಮಗುಚಿ ಅದೇ ಅಂಚನ್ನು ನೀರಿಗೆ ಕೊಡುತ್ತವೆ. ಆದ್ದರಿಂದ ಹಿಮ್ಮುಖವಾಗಿಯೂ ಬಲ ಬಹುತೇಕ ಅಷ್ಟೇ. ಶಾಫ್ಟ್ ನಿಂತಾಗ ಹರಿವು ರೆಕ್ಕೆಗಳನ್ನು ತನ್ನ ದಿಕ್ಕಿಗೇ ಹೊರಳಿಸಿಕೊಂಡು, ತೆಳ್ಳನೆಯ ಅಂಚನ್ನು ಮುಂದೆ ಮಾಡುತ್ತದೆ. ಇದೇ ಕೆಲಸವನ್ನು ಆಕಾಶದಲ್ಲಿ ಎಟಿಆರ್ ವಿಮಾನಗಳು ಮಾಡುತ್ತವೆ. ಪ್ರಾದೇಶಿಕ ನಿಲ್ದಾಣಗಳಲ್ಲಿ ನಿಂತ ಎಟಿಆರ್-72 ನೋಡಿದವರಿಗೆ ಅದರ ಆರು ರೆಕ್ಕೆಗಳ ಅಂಚು ನೇರ ಮುಂದಕ್ಕೆ ಮುಖ ಮಾಡಿರುವುದು ಕಂಡಿರುತ್ತದೆ. ಹಾರುವಾಗ ಒಂದು ಎಂಜಿನ್ ನಿಂತರೆ ಅದರ ಪಂಖಾ ಗಾಳಿಗೆ ತಡೆಯಾಗಿ ವಿಮಾನವನ್ನು ಒಂದು ಕಡೆಗೆ ಎಳೆಯದಿರಲಿ ಎಂದೇ ಈ ಏರ್ಪಾಟು. ಇದೆಷ್ಟು ಸಂಪೂರ್ಣ ಎಂಬುದಕ್ಕೆ ದಾರುಣವಾದ ಪುರಾವೆಯೂ ಇದೆ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಇಳಿಯುತ್ತಿದ್ದ ಎಟಿಆರ್‌ನ ಎರಡೂ ಪಂಖಾಗಳ ರೆಕ್ಕೆಗಳು, ತಪ್ಪು ಹಿಡಿಕೆ ಎಳೆದದ್ದರಿಂದ, ಹೀಗೆ ಹೊರಳಿಬಿಟ್ಟವು. ಎಂಜಿನ್‌ಗಳು ಓಡುತ್ತಲೇ ಇದ್ದರೂ ತಳ್ಳುವ ಬಲ ಇಲ್ಲವಾಗಿ ವಿಮಾನ ಬಿತ್ತು, ಅದರಲ್ಲಿದ್ದ 72 ಮಂದಿಯೂ ಪ್ರಾಣ ಕಳೆದುಕೊಂಡರು. ಹರಿವಿಗೆ ಅಂಚು ಕೊಟ್ಟ ರೆಕ್ಕೆ ಹರಿವನ್ನು ಹಿಡಿಯುವುದೇ ಇಲ್ಲ. ಸಮುದ್ರದಲ್ಲಿ ನಾವಿಕನಿಗೆ ಬೇಕಾದದ್ದು, ಆ ಹೊತ್ತಿನಲ್ಲಿ ಆಕಾಶದಲ್ಲಿ ಬೇಡವಾಗಿದ್ದದ್ದು, ಎರಡೂ ಒಂದೇ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಬೆಲೆ. ಹೊರಳುವ ಅಥವಾ ಮಡಚುವ ಪ್ರೊಪೆಲ್ಲರಿಗೆ ಗಟ್ಟಿ ಪ್ರೊಪೆಲ್ಲರಿನ ಹಲವು ಪಟ್ಟು ಹಣ ಬೇಕು, ನಮ್ಮ ದೇಶಕ್ಕೆ ಅದು ಆಮದಾಗಿಯೇ ಬರಬೇಕು. ಭಾನುವಾರ ಎರಡು ಗಂಟೆ ಕೆರೆಯಲ್ಲಿ ತೇಲುವವರಿಗೆ ಇದು ಬೇಡ, ಅದನ್ನು ಒಪ್ಪುತ್ತೇನೆ. ಆದರೆ ವರ್ಷಕ್ಕೆ ಸಾವಿರಾರು ಮೈಲಿ ಸಾಗುವ ತರಬೇತಿ ದೋಣಿಗೆ, ಭೂಪ್ರದಕ್ಷಿಣೆಯ ದೋಣಿಗೆ ಈ ಬೆಲೆಯನ್ನು ಹಾಯಿಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ಅರ್ಧ ನಾಟ್ ಹೆಚ್ಚಿಸಲು ಹೊಸ ಹಾಯಿಗಳಿಗೆ ಹಣ ಸುರಿಯುವ ದೋಣಿಯ ಒಡೆಯರು ಅದೇ ಅರ್ಧ ನಾಟನ್ನು ಕದಿಯುವ ವಸ್ತುವನ್ನು ನೀರಿನೊಳಗೆ ಕಾಣದು ಎಂಬ ಕಾರಣಕ್ಕೆ ಬಿಟ್ಟುಬಿಡುತ್ತಾರೆ. ಹಾಯಿ ಕೆಲವೇ ವರ್ಷಗಳಲ್ಲಿ ಬಿಸಿಲಿಗೆ ಸವೆಯುತ್ತದೆ. ಜೋಪಾನ ಮಾಡಿದ ಕಂಚು ದಶಕಗಳ ಕಾಲ ಬಾಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು, ಅದು ಸುರಕ್ಷತೆಯದ್ದು. ದೋಣಿಗೆ ಬ್ರೇಕ್ ಇಲ್ಲ. ಜೆಟ್ಟಿಯ ಗೋಡೆಗೆ ಬಡಿಯದಂತೆ ನಿಲ್ಲಿಸಲು ಇರುವುದು ರಿವರ್ಸ್ ಗೇರ್ ಒಂದೇ. ಮಡಚುವ ಪ್ರೊಪೆಲ್ಲರ್ ಹಿಮ್ಮುಖವಾಗಿ ತಿರುಗಿದಾಗ ತಾನೇ ಉಂಟುಮಾಡುವ ನೀರಿನ ಒತ್ತಡ ರೆಕ್ಕೆಗಳನ್ನು ಮತ್ತೆ ಮುಚ್ಚಲು ನೋಡುತ್ತದೆ. ತಿರುಗುವ ರಭಸ ಅವನ್ನು ತೆರೆದಿಡಲು ನೋಡುತ್ತದೆ. ಈ ಜಗ್ಗಾಟದಲ್ಲಿ ಬಲ ಸೋರಿಹೋಗುತ್ತದೆ, ಎಂಜಿನ್ ವೇಗ ಏರಿಸಬೇಕಾಗುತ್ತದೆ. ಹಳೆಯ ಎರಡು ರೆಕ್ಕೆಯ ಮಾದರಿಗಳ ಬಗ್ಗೆ ಈ ದೂರು ಪೂರ್ತಿ ನಿಜ. ಈಗಿನ ಮೂರು ರೆಕ್ಕೆಯ, ಭಾರವಾದ ತುದಿಯ ಮಾದರಿಗಳಲ್ಲಿ ದೂರು ಬಹಳ ಮಟ್ಟಿಗೆ ಇಳಿದಿದೆ, ಹೊರಳುವ ಮಾದರಿಯಲ್ಲಿ ಅದಕ್ಕೆ ಎಡೆಯೇ ಇಲ್ಲ. ಬದಲಿಗೆ ಹೊರಳುವ ಪ್ರೊಪೆಲ್ಲರಿಗೆ ಬೇರೊಂದು ಕೊರತೆ. ಎರಡೂ ಕಡೆಗೆ ಮಗುಚಬೇಕಾದ್ದರಿಂದ ಅದರ ರೆಕ್ಕೆ ಚಪ್ಪಟೆ, ಗಟ್ಟಿ ಪ್ರೊಪೆಲ್ಲರಿನ ರೆಕ್ಕೆಯಲ್ಲಿರುವ ಓರೆಯ ತಿರುವು ಅದಕ್ಕಿಲ್ಲ. ಹೀಗಾಗಿ ಎಂಜಿನ್ನಿನಲ್ಲಿ ಮುಂದೆ ಸಾಗುವಾಗ ಡೀಸೆಲ್ ತುಸು ಹೆಚ್ಚು ಸುಡುತ್ತದೆ. ಸುಮ್ಮನಿರುವ ಗಂಟೆ ಎಷ್ಟು, ದುಡಿಯುವ ಗಂಟೆ ಎಷ್ಟು ಎಂಬ ಲೆಕ್ಕ ಇಲ್ಲಿಯೇ ತೀರ್ಪು ಕೊಡುವುದು. ನೂರು ಗಂಟೆ ಹಾಯಿಗೆ ಐದು ಗಂಟೆ ಎಂಜಿನ್ ಓಡಿಸುವ ದೋಣಿಗೆ ಆ ಐದು ಗಂಟೆಯ ಹೆಚ್ಚುವರಿ ಡೀಸೆಲ್ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯ ಆಕ್ಷೇಪ ನಮ್ಮ ನೀರಿನದು, ನನ್ನ ವಾದವನ್ನು ನಿಜಕ್ಕೂ ಅಲುಗಿಸಬಲ್ಲದು ಇದೊಂದೇ. ಅರಬ್ಬಿ ಸಮುದ್ರದ ಬೆಚ್ಚನೆಯ ನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಬಲುಬೇಗ ಹತ್ತುತ್ತವೆ. ಪಿನ್ನಿನ ಸಂದಿಯಲ್ಲಿ, ಗೇರಿನ ಹಲ್ಲಿನ ನಡುವೆ ಒಂದೆರಡು ಚಿಪ್ಪು ಬೆಳೆದರೂ ಸಾಕು, ರೆಕ್ಕೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ರೆಕ್ಕೆ ತೆರೆದು ಇನ್ನೊಂದು ತೆರೆಯದಿದ್ದರೆ ಶಾಫ್ಟ್ ಇಡೀ ದೋಣಿಯನ್ನು ನಡುಗಿಸುತ್ತದೆ. ಗಟ್ಟಿ ಪ್ರೊಪೆಲ್ಲರಿಗೆ ಚಿಪ್ಪು ಹತ್ತಿದರೂ ಅದು ತಿರುಗುವುದಂತೂ ನಿಲ್ಲುವುದಿಲ್ಲ. ಇದಕ್ಕೆ ನನ್ನಲ್ಲಿರುವ ಉತ್ತರ ಯಂತ್ರದಲ್ಲಿಲ್ಲ, ಶಿಸ್ತಿನಲ್ಲಿದೆ: ಹೊರಡುವ ಹಿಂದಿನ ದಿನ ಒಬ್ಬರು ಮುಳುಗಿ ಕೈಯಿಂದ ರೆಕ್ಕೆ ಮಡಚಿ ಬಿಚ್ಚಿ ನೋಡಬೇಕು, ಕಂಚಿನ ಬದಲು ತಾನು ಸವೆಯಲೆಂದು ಕೂರಿಸಿದ ಸತುವಿನ ತುಂಡು ಪೂರ್ತಿ ಸವೆಯುವ ಮೊದಲೇ ಬದಲಿಸಬೇಕು, ಇಲ್ಲದಿದ್ದರೆ ಉಪ್ಪುನೀರು ಕಂಚನ್ನೇ ತಿನ್ನುತ್ತದೆ, ಹೊರಳುವ ಮಾದರಿಗೆ ಕಾಲಕಾಲಕ್ಕೆ ಗ್ರೀಸ್ ತುಂಬಬೇಕು. ಇಷ್ಟು ಮಾಡಲಾಗದ ದೋಣಿಗೆ, ತಿಂಗಳುಗಟ್ಟಲೆ ಯಾರೂ ಮುಟ್ಟದೆ ಹೊಳೆಬಾಯಿಯಲ್ಲಿ ಕಟ್ಟಿಹಾಕುವ ದೋಣಿಗೆ, ಗಟ್ಟಿ ಪ್ರೊಪೆಲ್ಲರೇ ಸರಿ. ನೌಕಾಪಡೆಯ ತರಬೇತಿ ದೋಣಿಗಳಂಥ, ಮುಳುಗುವವರೂ ದುರಸ್ತಿ ಮಾಡುವವರೂ ಕೈಯಳತೆಯಲ್ಲಿರುವ ಕಡೆ ಈ ಆಕ್ಷೇಪಕ್ಕೆ ಬಲ ಉಳಿಯುವುದಿಲ್ಲ.

ಇತ್ತೀಚೆಗೆ ಹೊಸದೊಂದು ವಾದ ಕೇಳಿಬರುತ್ತಿದೆ. ದೋಣಿಯಲ್ಲಿ ಡೀಸೆಲ್ ಬದಲು ವಿದ್ಯುತ್ ಮೋಟರ್ ಇದ್ದರೆ, ಹಾಯಿಯಲ್ಲಿ ಸಾಗುವಾಗ ನೀರು ಪ್ರೊಪೆಲ್ಲರನ್ನು ತಿರುಗಿಸಿ ಬ್ಯಾಟರಿ ತುಂಬುತ್ತದೆ. ಫಿನ್‌ಲೆಂಡಿನ ಓಷನ್‌ವೋಲ್ಟ್ ಕಂಪನಿ ಇದಕ್ಕೆಂದೇ ರೆಕ್ಕೆಯ ಕೋನ ಬದಲಿಸಿಕೊಳ್ಳುವ ಪ್ರೊಪೆಲ್ಲರ್ ಮಾಡಿದೆ. ಇಲ್ಲಿ ತಡೆ ದಂಡವಾಗಿ ಉಳಿಯದೆ ಆದಾಯವಾಯಿತಲ್ಲ ಎನ್ನಬಹುದು. ಇದು ನನ್ನ ಲೆಕ್ಕವನ್ನು ಕೆಡವುವುದಿಲ್ಲ, ಗಟ್ಟಿ ಮಾಡುತ್ತದೆ. ಆ ಪ್ರೊಪೆಲ್ಲರಿನ ರೆಕ್ಕೆ ಬ್ಯಾಟರಿ ತುಂಬಿದ ಮೇಲೆ ಹರಿವಿಗೆ ಅಂಚು ಕೊಟ್ಟು ತಡೆ ಇಳಿಸಿಕೊಳ್ಳುತ್ತದೆ. ಅದನ್ನು ಕಟ್ಟಿದವರು ದುಡಿಯದ ಗಂಟೆಯನ್ನು ಮೊದಲಿನಿಂದಲೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಡೀಸೆಲ್ ದೋಣಿಯ ಗಟ್ಟಿ ಪ್ರೊಪೆಲ್ಲರ್ ಮಾತ್ರ ಮುಕ್ಕಾಲು ಎಚ್‌.ಪಿ.ಯನ್ನು ತೆಗೆದುಕೊಂಡು ಸುಳಿಯಲ್ಲಿ ಕರಗಿಸುತ್ತದೆ, ಒಂದು ದೀಪವನ್ನೂ ಹೊತ್ತಿಸುವುದಿಲ್ಲ.

ಈ ತಡೆ ಕಲ್ಪನೆಯದಲ್ಲ ಎಂಬುದಕ್ಕೆ ಹಾಯಿದೋಣಿ ರೇಸುಗಳ ನಿಯಮ ಪುಸ್ತಕಗಳೇ ಆಧಾರ. ಬೇರೆ ಬೇರೆ ಗಾತ್ರದ ದೋಣಿಗಳು ಒಟ್ಟಿಗೆ ಓಡುವಾಗ ಪ್ರತಿ ದೋಣಿಗೂ ಅದರ ಸಾಮರ್ಥ್ಯಕ್ಕೆ ತಕ್ಕ ಸಮಯದ ರಿಯಾಯಿತಿ ಕೊಡುತ್ತಾರೆ. ಅಂತರರಾಷ್ಟ್ರೀಯ ಒಆರ್‌ಸಿ ಪದ್ಧತಿಯಲ್ಲಿ ಪ್ರೊಪೆಲ್ಲರಿನ ಬಗೆ, ಅಳತೆ, ಅದನ್ನು ಕೂರಿಸಿದ ರೀತಿ ಎಲ್ಲವನ್ನೂ ಅಳೆದು, ಅದು ನೀರಿಗೆ ಎಷ್ಟು ಅಡ್ಡ ಬರುತ್ತದೆ ಎಂಬುದಕ್ಕೆ ಒಂದು ಅಂಕಿ ಕಟ್ಟಿ, ರಿಯಾಯಿತಿಯ ಲೆಕ್ಕದಲ್ಲಿ ಸೇರಿಸುತ್ತಾರೆ. ಗೆಲುವು ಸೆಕೆಂಡುಗಳಲ್ಲಿ ತೀರ್ಮಾನವಾಗುವ ಕಡೆ, ಎದುರಾಳಿಗಳ ಕಣ್ಣೆದುರಿಗೇ ಒಪ್ಪಿತವಾದ ಅಂಕಿ ಅದು. ಫ್ರಾನ್ಸಿನ ವಾಂದೆ ಗ್ಲೋಬ್ ಸ್ಪರ್ಧೆಯಲ್ಲಿ, ಒಬ್ಬರೇ ನಿಲ್ಲದೆ ಭೂಮಿ ಸುತ್ತುವ ಆ ಕಠಿಣ ಓಟದಲ್ಲಿ, ಹೊರಡುವ ಮುನ್ನ ಪ್ರೊಪೆಲ್ಲರ್ ಶಾಫ್ಟಿಗೆ ಮುದ್ರೆ ಹಾಕಿಬಿಡುತ್ತಾರೆ. ಅಂದರೆ ಅಪಾಯ ಬಂದಾಗ ಮಾತ್ರ ಬಳಸಲಿ ಎಂದು ಅದನ್ನು ತಿಂಗಳುಗಟ್ಟಲೆ ಹೊತ್ತು ಸಾಗಬೇಕು.

ಹಾಗಾದರೆ ಕೌಂಡಿನ್ಯದಂತೆ ಎಂಜಿನ್ನನ್ನೇ ಬಿಟ್ಟುಬಿಡಬಾರದೇಕೆ? ಪರಂಪರೆಯ ಯಾನಕ್ಕೆ ಅದು ಸೊಗಸು. ಆದರೆ ಕೌಂಡಿನ್ಯ ಬಂದರಿನ ಇಕ್ಕಟ್ಟಿನಲ್ಲಿ ಎಂಜಿನ್ ಇರುವ ಬೇರೆ ದೋಣಿಯ ನೆರವನ್ನು ನೆಚ್ಚಬೇಕು, ಗಾಳಿ ಬಿದ್ದರೆ ಕಾಯಬೇಕು. ಸಾಮಾನ್ಯ ನಾವಿಕನ ಜೀವ ಆ ಕಾಯುವಿಕೆಗೆ ಒತ್ತೆ ಬೀಳಬಾರದು. ಎಂಜಿನ್ ಇರಲಿ, ಅದರ ಪಂಖಾ ಬೇಡದ ಹೊತ್ತಿನಲ್ಲಿ ಮೈ ಮಡಚಿಕೊಳ್ಳಲಿ. ಇದಕ್ಕೆ ತದ್ವಿರುದ್ಧದ ಉದಾಹರಣೆ ಮಲ್ಪೆಯ ಟ್ರಾಲ್ ಬೋಟುಗಳದು. ಬಲೆ ಎಳೆಯುತ್ತ ದಿನವಿಡೀ ದುಡಿಯುವ ಅವುಗಳ ಪ್ರೊಪೆಲ್ಲರಿಗೆ ಸುಮ್ಮನಿರುವ ಗಂಟೆಯೇ ಇಲ್ಲ; ಅಗಲ ರೆಕ್ಕೆಯ ಗಟ್ಟಿ ಪ್ರೊಪೆಲ್ಲರ್ ಅವಕ್ಕೆ ತಕ್ಕದ್ದು. ಅಲ್ಲಿ ಮಡಚುವ ಮಾತೆತ್ತಿದರೆ ಹುಚ್ಚುತನ.

ಮುಂದೆ ಆಗಬೇಕಾದ ಕೆಲಸ ಬಹಳ ದೊಡ್ಡದೇನಲ್ಲ. ಪ್ರೊಪೆಲ್ಲರಿನ ತಡೆ ಅಳೆದ ಹೆಸರಾಂತ ಪ್ರಯೋಗಗಳು ಯುರೋಪಿನ ಪ್ರಯೋಗಶಾಲೆಗಳ ಶುದ್ಧ ನೀರಿನಲ್ಲಿ, ಹೊಚ್ಚಹೊಸ ಪ್ರೊಪೆಲ್ಲರುಗಳ ಮೇಲೆ ನಡೆದವು. ನಮಗೆ ಬೇಕಾದದ್ದು ಕಾರವಾರದ ನೀರಿನಲ್ಲಿ ಮೂರು ತಿಂಗಳು ನಿಂತು ಚಿಪ್ಪು ಹತ್ತಿದ ಪ್ರೊಪೆಲ್ಲರಿನ ಅಂಕಿಗಳು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಕಲಿಸುತ್ತಾರೆ, ಅದರ ಬಾಗಿಲಲ್ಲೇ ಕಡಲಿದೆ. ಕಡಲಿಲ್ಲದ ಕಲಬುರಗಿಯಲ್ಲೂ 1958ರಿಂದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಇದೆ. ಹರಿಯುವ ನೀರಿನ ಕಾಲುವೆಯೊಂದು ಇದ್ದರೆ ಸಾಕು, ಅಂಗೈಯಗಲದ ಮಾದರಿ ಪ್ರೊಪೆಲ್ಲರನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನಿಲ್ಲಿಸಿ ಒಮ್ಮೆ, ತಿರುಗಲು ಬಿಟ್ಟು ಒಮ್ಮೆ, ರೆಕ್ಕೆ ಮಡಚಿ ಒಮ್ಮೆ, ರೆಕ್ಕೆಗೆ ಮರಳು ಅಂಟಿಸಿ ಒರಟಾಗಿಸಿ ಮತ್ತೊಮ್ಮೆ ಅಳೆಯಬಹುದು. ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೊಂದುವ ಅಳತೆಯ ಕೆಲಸ ಇದು. ಶಾಫ್ಟಿನ ಬಿಗಿತ ಎಷ್ಟು ಏರಿದಾಗ ತಿರುಗಲು ಬಿಡುವ ಲಾಭ ಮಾಯವಾಗುತ್ತದೆ ಎಂಬ ಗೆರೆಯನ್ನು ಮೊದಲು ಗುರುತಿಸಬೇಕು. ಆಮೇಲೆ, ಎಷ್ಟು ಒರಟಾದ ಮೇಲೆ ಮಡಚಿದ ರೆಕ್ಕೆಯೂ ಗಟ್ಟಿ ರೆಕ್ಕೆಯಷ್ಟೇ ಜಗ್ಗತೊಡಗುತ್ತದೆ ಎಂಬುದನ್ನು.